ಎಲ್ ಫೋರ್ ಎಲ್ ಫೈವ್ ಪುರಾಣ

ನಮ್ಮ ಜನಕ್ಕೆ ತಮ್ಮ ಬ್ಲಡ್ ಗ್ರೂಪ್ ಯಾವುದು ಅಂತ ಕೇಳಿದರೆ ತಡವರಿಸುತ್ತಾರೆ, ಸೊಂಟದ ಕೊನೆಯ ಎರಡು ಮೂಳೆಗಳ ನಂಬರು, ಎಲ್ ಫೋರ್ ಎಲ್ ಫೈವ್, ಮಾತ್ರ ಬಾಯಿಪಾಠ. ಗೃಹಪ್ರವೇಶವೊಂದರಲ್ಲಿ ಹೋಳಿಗೆ ಊಟ ಮುಗಿಸಿ, ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಲು ಬಗ್ಗಿದ್ದೆ. ಅದೇ ಹೊತ್ತಿಗೆ ಒಂದು ಸೀನು. ಸೊಂಟ ಹಿಡಿದೇ ಬಿಟ್ಟಿತು. ಬಗ್ಗಿದವನು ಬಗ್ಗಿಯೇ ಇದ್ದೆ. ಎದುರಿಗಿದ್ದ ಅಜ್ಜಿ ನಾನು ಕಾಲಿಗೆ ಬೀಳ್ತಿದೀನಿ ಅಂದುಕೊಂಡು "ನೂರು ಕಾಲ ಬಾಳಪ್ಪಾ" ಅಂತ ತಲೆ ಮೇಲೆ ಕೈ ಇಟ್ಟರು. ಪಕ್ಕದಲ್ಲಿದ್ದವರೊಬ್ಬರು ಬಾಯಲ್ಲಿ ಬೀಡಾ ಇಟ್ಟುಕೊಂಡೇ ತೀರ್ಪು ಕೊಟ್ಟರು: "ಎಲ್ ಫೋರ್ ಎಲ್ ಫೈವೇ ಇದು."

ಡಾಕ್ಟರ ಮೇಜಿನ ಮೇಲೆ ಪ್ಲಾಸ್ಟಿಕ್ ಬೆನ್ನುಮೂಳೆ ಇತ್ತು. ಸೊಂಟದ ಪಾಲಿಗೆ 5 ಮೂಳೆ, ಮೇಲಿಂದ ಕೆಳಕ್ಕೆ ಎಲ್ 1ರಿಂದ ಎಲ್ 5. ಮೇಲಿನ ಭಾರವೆಲ್ಲ ಇವುಗಳ ಮೇಲೆ, ಅದಕ್ಕೇ ದಪ್ಪ ಜಾಸ್ತಿ. ಒಂದೊಂದಕ್ಕೂ ಮುಂದೆ ದಪ್ಪ ದಿಮ್ಮಿ, ಹಿಂದೆ ನರ ಹಾದುಹೋಗೋ ತೂತು, ಅದರ ಹಿಂದೆ ಕೊಡಲಿ ಬಾಯಿಯಂಥ ಒಂದು ಚಾಚು. ಬೆನ್ನ ನಡುವೆ ಕೈಗೆ ಸಿಗುವ ಗಂಟು ಇದೇ. ಮೂಳೆ ಮೂಳೆಯ ನಡುವೆ ಡಿಸ್ಕ್: ಹೊರಗೆ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಬೆನ್ನುಹುರಿ ಎಲ್ 1, ಎಲ್ 2 ಹತ್ತಿರವೇ ಮುಗಿದುಹೋಗುತ್ತದೆ, ಅಲ್ಲಿಂದ ಕೆಳಗೆ ಬರೀ ನರಗಳ ಗೊಂಚಲು. ಅದಕ್ಕೆ ಕುದುರೆಬಾಲ ಅಂತಲೇ ಹೆಸರಂತೆ! ತಿರುಳು ಹೊರಗೆ ಉಬ್ಬಿ ನರ ಒತ್ತಿದರೆ ನೋವು ಕಾಲಿಗಿಳಿಯುತ್ತದೆ, ಅದೂ ಹೆಚ್ಚಾಗಿ ಕೊನೆಯ ಎರಡು ಡಿಸ್ಕ್‌ಗಳಲ್ಲೇ. ಬೀಡಾ ಯಜಮಾನರ ಮಾತು ಪೂರ್ತಿ ಸುಳ್ಳೇನಲ್ಲ, ಅಲ್ವಾ?

ಆದರೆ ನನಗೆ ಅದೂ ಇರಲಿಲ್ಲ. "ಸ್ನಾಯು ಬಿಗಿದಿದೆ ಅಷ್ಟೇ. ಸ್ಕ್ಯಾನ್ ಬೇಡ. ಸುಮ್ನೆ ಮಲಗಿರಬೇಡಿ, ಓಡಾಡಿ" ಅಂದರು ಡಾಕ್ಟರು. ಮನೆಯಲ್ಲಿ ಎಲ್ಲರಿಗೂ ನಿರಾಸೆ. ನೋಡೋಕೆ ಬಂದವರಿಗೆ ಹೇಳಲು ಒಂದು ನಂಬರೂ ಇಲ್ಲವಲ್ಲ!

ಅತ್ತೆ ಮಾತ್ರ ಡಾಕ್ಟರನ್ನು ನಂಬಲಿಲ್ಲ. ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಂದರೆ ಕಾಲಲ್ಲಿ, ಒದೆಸಿಕೊಂಡರೆ ಹಿಡಿದ ಸೊಂಟ ಬಿಡುತ್ತದಂತೆ. ಹಾಗೆ ಹುಟ್ಟಿದವನು ಹಿಂದಿನ ಬೀದಿಯಲ್ಲೇ ಸಿಕ್ಕಿದ. ಹುಟ್ಟಿದಾಗ ಆ ಕಾಲು ಎಷ್ಟು ಪುಟ್ಟದಿತ್ತೋ, ಈಗ ಅವನು ದಿನಾ ಜಿಮ್‌ಗೆ ಹೋಗುವ ಹುಡುಗ. ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ಶೂ ಬಿಚ್ಚಿದ, ಪ್ಯಾಂಟ್ ಮಡಚಿಕೊಂಡ, "ಅಂಕಲ್, ಎಲ್ಲಿಗೆ ಒದೀಲಿ?" ಅಂದ. ಗೋಡೆ ಹಿಡಿಯದೆ ಒಂದೇ ಸಲಕ್ಕೆ ನೆಟ್ಟಗೆ ಎದ್ದು ನಿಂತೆ.

"ನೋಡಿ, ಒದೆಯೋ ಮೊದ್ಲೇ ವಾಸಿಯಾಯ್ತು" ಅಂದರು ಅತ್ತೆ, ಅವನಿಗೆ ಕಾಫಿ ತರಲು ಒಳಗೆ ಹೋಗುತ್ತಾ.