ಇಂಚು, ಸೆಂಟು

ನಮ್ಮಪ್ಪ ಬೆಳಗ್ಗೆ ಎಂಟಕ್ಕೆ ಅಂಗಳಕ್ಕಿಳಿದು ಮಳೆ ಅಳೆಯುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಹಲ್ಲುಜ್ಜಿದಷ್ಟೇ ಸಹಜ. ಮಿಲಿಮೀಟರ್ ಲೆಕ್ಕ ಹೇಳಿದರೆ ನಮಗೆ ಮಳೆ ಬಂದ ಹಾಗೇ ಆಗಲ್ಲ. ಇಂಚು, ಸೆಂಟು ಬೇಕು. ನೂರು ಸೆಂಟಿಗೆ ಒಂದು ಇಂಚು. ಡಬ್ಬದ ನೀರನ್ನು ಗಾಜಿನ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ‘1 ಇಂಚು 20’ ಅಂತ ಬರೆಯುತ್ತಿದ್ದರು. ಪಕ್ಕದಲ್ಲಿ ಒಂದೇ ಒಂದು ಸಾಲು. ‘ಕರೆಂಟ್ ಇಲ್ಲ.’ ‘ರಾತ್ರಿ ಆನೆ ಬಂತು, ಬೈನೆ ಮರ ಹೋಯ್ತು.’

ಅಪ್ಪ ಊರಲ್ಲಿ ಇಲ್ಲದಾಗ ಆ ಕೆಲಸ ನನ್ನದು. ಹತ್ತು ವರ್ಷದ ನಾನು ಆನೆಗೊಂದು ಮರಿಯನ್ನೂ ಸೇರಿಸಿ ಅರ್ಧ ಪುಟ ಬರೆಯುತ್ತಿದ್ದೆ. ಒಮ್ಮೆ ಚಳಿಗೆ ಏಳಲಾಗದೆ ಕಂಬಳಿಯೊಳಗಿಂದಲೇ ‘2 ಇಂಚು 10’ ಅಂತ ಅಂದಾಜಿಗೆ ಗೀಚಿಬಿಟ್ಟೆ. ಅಪ್ಪ ಬಂದು ನೋಡಿದರೆ ಡಬ್ಬದಲ್ಲಿ ನೀರು ಹಾಗೇ ಇದೆ. “ಮರಿ ಆನೆ ಇರ್ಲಿ. ಸೆಂಟು ಮಾತ್ರ ಸುಳ್ಳು ಬರೀಬೇಡ” ಅಂದರು.

ಈಗ ಬರೆಯೋದೇ ನನ್ನ ಕಸುಬು. ಫ್ರೀಲಾನ್ಸ್. ಪದಕ್ಕೆ ಇಷ್ಟು ಅಂತ ಕೂಲಿ. ನೆಂಟರಿಗೆ ಇದು ಇನ್ನೂ ಅರ್ಥವಾಗಿಲ್ಲ. ಡಿಸೆಂಬರಲ್ಲಿ ಕಾಫಿ ಕುಯ್ಯಲು ಬರುವ ಅಕ್ಕನಿಗೆ ಮಾತ್ರ ತಟ್ಟನೆ ಅರ್ಥವಾಯಿತು. ಅವಳದು ಕಿಲೋ ಲೆಕ್ಕ. “ಎಲೆ, ಕಡ್ಡಿ ಸೇರ್ಸಿದ್ರೆ ತೂಕ ಜಾಸ್ತಿ ಬರುತ್ತೆ, ಅಲ್ವಾ?” ಅಂತ ನಕ್ಕಳು. ನಾನೂ ಸೇರಿಸಿದ್ದೇನೆ, ಯಾಕೆ ಸುಳ್ಳು ಹೇಳಲಿ. ನೀರಿನ ಫಿಲ್ಟರ್ ಬಗ್ಗೆ 800 ಪದ ಬೇಕು ಅಂದರೆ ಏನು ಮಾಡೋದು? ‘ಇಂದಿನ ಧಾವಂತದ ಬದುಕಿನಲ್ಲಿ’ ಅಂತ ಶುರು ಮಾಡಿದೆ. ಒಂದು ಹಿಡಿ ಎಲೆ. ಆ ಕಂಪನಿಯ ದುಡ್ಡು ಬರಲು ಐದು ತಿಂಗಳಾಯಿತು. ಅಕ್ಕನಿಗೆ ವಾರದ ಕೊನೆಗೇ ಬಟವಾಡೆ.

ನಮ್ಮ ಕೊಡಗಿನ ಗೌರಮ್ಮ, 1912ರಲ್ಲಿ ಹುಟ್ಟಿದವರು, ಗಂಡನ ಹೆಸರಿಟ್ಟುಕೊಂಡು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅಂತ ಕಥೆ ಬರೆದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಷ್ಟು ಚಿಕ್ಕ ವಯಸ್ಸು, ಅಂಥ ಕಥೆಗಳು. ನನ್ನ ಫಿಲ್ಟರ್ ಬರಹದ ಕೆಳಗೆ ಯಾರ ಹೆಸರೂ ಇಲ್ಲ. ಇಲ್ಲದಿರೋದೇ ಒಳ್ಳೇದು.

ಕೆಲಸ ಇಲ್ಲದ ದಿನ ಗುಡುಗಿನ ಬೆನ್ನಿಗೆ ಅಣಬೆ ಹುಡುಕುತ್ತೇನೆ, ಇಲ್ಲವೇ ಅಪ್ಪನ ಹಳೇ ಡೈರಿ ಓದುತ್ತೇನೆ. 2018ರ ಆಗಸ್ಟ್. ಗುಡ್ಡಗಳು ಜರಿದ ಆ ವಾರ. ದಿನವೂ ಇಂಚು, ಸೆಂಟು ತಪ್ಪದೆ ಇದೆ. ಕೈಬರಹ ಕೂಡ ಅಲುಗಾಡಿಲ್ಲ. ಪಕ್ಕದ ಸಾಲು ಮಾತ್ರ ಎಲ್ಲ ದಿನವೂ ಖಾಲಿ. ಅದನ್ನು ತುಂಬೋಣ ಅಂತ ಎರಡು ಸಲ ಪೆನ್ನು ಹಿಡಿದು ಕೂತೆ. ಆಗಲಿಲ್ಲ.

ಅಪ್ಪನಿಗೆ ಈಗ ಮಂಡಿನೋವು, ಬಗ್ಗಲಾಗಲ್ಲ. ಡಬ್ಬ ನನ್ನ ಪಾಲಿಗೆ ಬಂದಿದೆ. ಮಾರ್ಚಿನಲ್ಲಿ ಒಂದು ಸಂಜೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಕರೆಂಟ್ ಹೋಯ್ತು, ನೆಟ್‌ವರ್ಕೂ ಹೋಯ್ತು, ಮಾರನೇ ದಿನ ಕಳಿಸಬೇಕಾದ ಬರಹ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಬೆಳಗ್ಗೆ ಜಾಡಿ ಎತ್ತಿ ನೋಡಿದೆ. 85 ಸೆಂಟು. ಹೂ ಚೆನ್ನಾಗಿ ಅರಳೋಕೆ ಒಂದಿಂಚಾದರೂ ಬೇಕಿತ್ತು.

“ಎಷ್ಟು?” ಅಂತ ಅಪ್ಪ ಜಗಲಿಯಿಂದಲೇ ಕೂಗಿದರು.

ಸುಮ್ನೆ ಒಂದಿಂಚು ಅಂದುಬಿಡೋಣ ಅನ್ನಿಸಿತು.

“ಎಂಬತ್ತೈದು” ಅಂದೆ.