ಅರವತ್ತು ದಿನ ತಡಿ, ಗುಡ್ಡವೇ!

ಕೊಡಗಿನ ನಮ್ಮ ತೋಟದ ಮೇಲಿನ ಬಾಣೆಗೆ, ಅಂದರೆ ಗುಡ್ಡದ ಜಾಗಕ್ಕೆ, ಜೆಸಿಬಿ ಬಂತು. ಹೋಂಸ್ಟೇ ಆಗುತ್ತದಂತೆ. ಗುಡ್ಡದಿಂದ ವ್ಯೂ ಚೆನ್ನಾಗಿದೆಯಂತೆ, ಅದಕ್ಕೇ ಗುಡ್ಡ ಕೊರೆಯುತ್ತಿದ್ದಾರೆ. ಹೊರಗೆ ಕಕ್ಕಡ ತಿಂಗಳ ಮಳೆ. ನಾನು ಹೆದರಿ ಪರಿಸರ ಕಾನೂನು ಓದಲು ಕೂತೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಫ್ರೀ.

ಕಾಡು, ಕೆರೆ, ಹೊಳೆ ಕಾಪಾಡುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ ಅಂತ 1976ರಲ್ಲೇ ಸಂವಿಧಾನಕ್ಕೆ ಸೇರಿಸಿದ್ದಾರೆ. ಜೆಸಿಬಿ ಪ್ರಜೆಯಲ್ಲ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ನೀರಿಗೆ 1974ರ ಕಾಯ್ದೆ, ಕಾಡಿಗೆ 1980ರದ್ದು, ಗಾಳಿಗೆ 1981ರದ್ದು. ಭೋಪಾಲದ ಅನಿಲ ದುರಂತದ ನಂತರ, 1986ರಲ್ಲಿ, ಎಲ್ಲದರ ಮೇಲೂ ಕೊಡೆಯ ಹಾಗೆ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕೊಡಗಿನ ಮಳೆಗೆ ಕೊಡೆ ಎಷ್ಟು ತಡೆಯುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಈ ಕಾಯ್ದೆಯ 19ನೇ ಸೆಕ್ಷನ್ ನನಗೆ ಬಹಳ ಹಿಡಿಸಿತು. ನಿಮ್ಮ ನಮ್ಮಂಥವರೂ ಕೋರ್ಟಿಗೆ ದೂರು ಕೊಡಬಹುದು. ಆದರೆ ಮೊದಲು ಸರ್ಕಾರಕ್ಕೆ 60 ದಿನದ ನೋಟಿಸ್ ಕೊಡಬೇಕು. ಇವತ್ತು ಕೊಟ್ಟರೆ ಕೈಲ್‌ಪೊಳ್ದ್ ಹಬ್ಬ ಕಳೆದು, ಹೋಂಸ್ಟೇಗೆ ಬಣ್ಣ ಹೊಡೆದು, ಮೊದಲ ಗಿರಾಕಿ ಐದು ಸ್ಟಾರ್ ಕೊಟ್ಟ ಮೇಲೆ ನನ್ನ ಸರದಿ. ನೋಟಿಸಿನ ಒಂದು ಪ್ರತಿ ಗುಡ್ಡಕ್ಕೂ ಕಳಿಸಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ ಹತ್ತಿರದ ಮಕ್ಕಂದೂರು ಕಡೆ ಗುಡ್ಡಗಳು ಯಾರಿಗೂ ನೋಟಿಸ್ ಕೊಡದೆ ಇಳಿದುಬಿಟ್ಟವು. ಕಾನೂನು ಓದಿರಲಿಲ್ಲ, ಪಾಪ.

ಮೊದಲು ಈ ಕಾಯ್ದೆ ಮುರಿದರೆ ಐದು ವರ್ಷದವರೆಗೆ ಜೈಲು ಇತ್ತು. 2024ರ ಏಪ್ರಿಲಿನಿಂದ ಅದರ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ದಂಡ ಕಟ್ಟದೆ ಹಟ ಹಿಡಿದರೆ ಮಾತ್ರ ಜೈಲು. ಕೆಳಗಿನ ಹತ್ತು ಸಾವಿರ ನಮ್ಮ ಕಡೆ ಎರಡು ರೂಮಿನ ಒಂದು ವೀಕೆಂಡ್. ಪರಿಸರದ ಕೇಸು ಕೇಳುವ ಹಸಿರು ನ್ಯಾಯಮಂಡಳಿಗೆ ಹೋಗೋಣ ಅಂದರೆ ದಕ್ಷಿಣದ ಪೀಠ ಚೆನ್ನೈಯಲ್ಲಿದೆ. ಮಡಿಕೇರಿಗೆ ರೈಲೇ ಇಲ್ಲ.

ಸರ್ಕಾರವನ್ನೇ ಬಯ್ಯುವುದು ನ್ಯಾಯವಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸುವ ಮೊದಲ ಕರಡು ಬಂದದ್ದು 2014ರಲ್ಲಿ. ಆರನೆಯದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದ ಮಾರನೇ ದಿನ. ಆಕ್ಷೇಪಣೆಗೆ ಮತ್ತೆ ಅದೇ 60 ದಿನ. ಹತ್ತು ವರ್ಷಕ್ಕೆ ಆರು ಕರಡು! ಕೊಟ್ಟಿಗೆ ಕಟ್ಟಲೂ ಬಿಡುವುದಿಲ್ಲವಂತೆ ಅಂತ ಯಾರೋ ಹೇಳಿದರು, ನಾನೂ ಸುಮ್ನೆ ಸಹಿ ಹಾಕಿದ್ದೆ. ಆಕ್ಷೇಪಣೆಯ ಜೆರಾಕ್ಸ್ ಮನೆಯಲ್ಲಿ ಜೋಪಾನವಾಗಿದೆ. ಏಳನೇ ಕರಡು ಬಂದರೆ ತಾರೀಕು ಬದಲಿಸಿದರೆ ಸಾಕು.

ಅಂತೂ ನೋಟಿಸ್ ಬರೆದು ಮುಗಿಸುವ ಹೊತ್ತಿಗೆ ಜೆಸಿಬಿ ಡ್ರೈವರ್ ಬಾಗಿಲಿಗೆ ಬಂದ.

“ಮಣ್ಣು ಜಾಸ್ತಿ ಉಂಟು ಸಾರ್. ನಿಮ್ಮ ತೋಟದ ಬದಿಗೆ ಹಾಕಬಹುದಾ?”

“ಅರವತ್ತು ದಿನ ಬಿಟ್ಟು ಹೇಳುತ್ತೇನೆ” ಅಂದೆ.

ಅವನು ಒಮ್ಮೆ ಮಳೆ ನೋಡಿದ, ಒಮ್ಮೆ ಗುಡ್ಡ ನೋಡಿದ. “ಅಷ್ಟರಲ್ಲಿ ಅದೇ ಬರ್ತದೆ ಸಾರ್” ಅಂದ.