ಮೆಲ್ಲಗೆ ಹಾಕಿ

ಮೊನ್ನೆ ಶುಕ್ರವಾರ ಬೆಳಿಗ್ಗೆ ನಮ್ಮ ಮಾರುತಿ 800ರ ಎಡಗಡೆ ಗ್ಲಾಸು ಬಾಗಿಲೊಳಗೆ ಬಿದ್ದುಹೋಯಿತು. ಒಡೆಯಲಿಲ್ಲ. ಬಾವಿಗೆ ಬಿಂದಿಗೆ ಬಿದ್ದ ಹಾಗೆ 'ಡುಬುಕ್' ಅಂತ ಇಳಿದು ಮಾಯವಾಯಿತು. ಹೌದು, ನೀರಿನ ಸದ್ದೇ. ಅದರ ಕಥೆ ಆಮೇಲೆ. ಹೊರಗೆ ಕಕ್ಕಡ ತಿಂಗಳ ಮಳೆ. ಒಳಗೆ ನಾನು, ಸಂತೆ ಚೀಲ, ಮತ್ತು ಗ್ಲಾಸು ಬೀಳಿಸಿದ ಪಕ್ಕದ ತೋಟದ ಮಾವ.

ಮಾವನಿಗೆ ಒಂದು ಜೀಪಿದೆ. ಕೊಡಗಿನಲ್ಲಿ ಜೀಪಿದ್ದವರಿಗೆ ಉಳಿದ ಗಾಡಿಗಳೆಲ್ಲ ಮಕ್ಕಳ ಆಟದ ಸಾಮಾನು ಅಲ್ವಾ? ಆದರೆ ಮಳೆಗಾಲ ಬಂತೆಂದರೆ ಆ ಜೀಪು ಶೆಡ್ಡಿನಿಂದ ಹೊರಬರುವುದಿಲ್ಲ. ಮೂರ್ನಾಡಿಗಾಗಲಿ ಮಡಿಕೇರಿಗಾಗಲಿ ನನ್ನ ಕಾರೇ ಆಗಬೇಕು. ಬರಲಿ, ಬೇಡ ಅನ್ನುವುದಿಲ್ಲ. ನನ್ನ ತಕರಾರೆಲ್ಲ ಅವರು ಬಾಗಿಲು ಹಾಕುವ ಚಂದದ ಬಗ್ಗೆ.

ಜೀಪಿನ ತಗಡಿನ ಬಾಗಿಲು ಎರಡು ಸಲ ಬಡಿಯದೆ ಕೂರುವುದಿಲ್ಲ. ನಲವತ್ತು ವರ್ಷ ಅದನ್ನೇ ಬಡಿದ ಕೈ ಇದು. ಮೊದಲು ಬಾಗಿಲನ್ನು ಪೂರ್ತಿ ತೆರೆಯುತ್ತಾರೆ, ಇನ್ನು ತೆರೆಯಲು ಜಾಗವಿಲ್ಲ ಅನ್ನುವವರೆಗೆ. ಆಮೇಲೆ ಮುಖ ನನ್ನ ಕಡೆ ತಿರುಗಿಸಿ ಏನೋ ಮಾತು ಶುರು ಮಾಡುತ್ತಾರೆ. 'ಈ ವರ್ಷ ಕಾಳುಮೆಣಸಿಗೆ ರೋಗ ಜಾಸ್ತಿ ಮಾರಾಯಾ' ಅನ್ನುವ ಹೊತ್ತಿಗೆ, ಆ 'ಮಾರಾಯಾ'ಕ್ಕೆ ಸರಿಯಾಗಿ, ಧಡಾರ್! ಡ್ಯಾಶ್‌ಬೋರ್ಡಿನ ಗಣಪತಿ ದಿಕ್ಕು ಬದಲಿಸಿ ಕೂರುತ್ತಾನೆ. ಇಷ್ಟಕ್ಕೇ ಮುಗಿದರೆ ಪುಣ್ಯ. ಪಂಚೆಯ ತುದಿ ಸಿಕ್ಕಿಕೊಂಡಿರುತ್ತದೆ. ಮತ್ತೆ ತೆರೆದು, ತುದಿ ಎಳೆದುಕೊಂಡು, ಮತ್ತೆ ಧಡಾರ್. ಆಮೇಲೆ ನನ್ನನ್ನೇ ಕೇಳುತ್ತಾರೆ, 'ಸರಿಯಾಗಿ ಕೂತಿತಾ?'

ಹೋದ ವರ್ಷ ಉಪಾಯ ಮಾಡಿದೆ. ದಪ್ಪ ಅಕ್ಷರದಲ್ಲಿ 'ಮೆಲ್ಲಗೆ ಹಾಕಿ' ಅಂತ ಬರೆದು ಬಾಗಿಲಿನ ಒಳಗಡೆ ಅಂಟಿಸಿದೆ. ಮಾವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. 'ಬರೆದದ್ದು ಒಳ್ಳೆಯದಾಯಿತು. ಈಗಿನ ಜನಕ್ಕೆ ಹಳೇ ಗಾಡಿಯ ಬೆಲೆ ಗೊತ್ತಿಲ್ಲ' ಅಂದರು. ಧಡಾರ್. ಚೀಟಿ ಉದುರಿ ಅವರ ಮಡಿಲಿಗೇ ಬಿತ್ತು.

ನಮ್ಮ ಕಾರು ಬ್ರೆಜಿಲ್‌ನ ಚಳಿಯ ಕೂಸು. 1994ರಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟುಹೋದವು, ಇಲ್ಲಿ ಕಾಫಿ ಬೆಲೆ ಏರಿತು. ಮರುವರ್ಷ ಅಪ್ಪ ಬಿಳಿ ಮಾರುತಿ ತಂದರು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್. ಆಗ ಅದು ಊರಿಗೇ ಸಂಭ್ರಮ. ಈಗ ಗೇಟಿನ ಹತ್ತಿರ ಬಂದರೆ ನಾಯಿಯೂ ಏಳುವುದಿಲ್ಲ. ಈ ಕಾರು ಕಂಪನಿಯಲ್ಲಿ ತಯಾರಾಗುವುದು 2014ಕ್ಕೇ ನಿಂತಿತು. ಮಾವನಿಗೆ ಬಡಿಯಲು ಹೊಸದು ಸಿಗುವ ಹಾಗೂ ಇಲ್ಲ.

ಮಳೆಗಾಲದಲ್ಲಿ ಇದನ್ನು ಸಾಕುವುದು ಸುಮ್ನೆ ಅಲ್ಲ. ಬೆಳಿಗ್ಗೆ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗಿನ ತೇವ ಒರೆಸಬೇಕು. ಇಲ್ಲದಿದ್ದರೆ ಕರೆಂಟು ಪ್ಲಗ್‌ಗೆ ಹೋಗುವ ಬದಲು ಅಲ್ಲೇ ಅಡ್ಡದಾರಿ ಹಿಡಿಯುತ್ತದೆ, ಕಾರು ಬರೀ ಕೆಮ್ಮುತ್ತದೆ. ಅದಕ್ಕೆಂದೇ ಬೇರೆ ಟವೆಲ್ ಇಟ್ಟಿದ್ದೇನೆ. ನನ್ನ ಟವೆಲ್‌ಗಿಂತ ಅದೇ ಒಣಗಿರುತ್ತದೆ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಬೇಕು. ಒಳಗೆ ತಳ್ಳುವುದು ಮರೆತರೆ ಹಿಂದೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ತಳದ ತಗಡಿಗೆ ಎರಡು ಸಲ ತೇಪೆ ಹಾಕಿಸಿಯಾಗಿದೆ. ಹಿಂದಿನ ಸೀಟಿನ ಕೆಳಗಿನ ಮ್ಯಾಟಿನಲ್ಲಿ ಒಮ್ಮೆ ಅಣಬೆ ಎದ್ದಿತ್ತು. ಅಮ್ಮ ಬಗ್ಗಿ ನೋಡಿ, 'ಇದು ತಿನ್ನುವ ಜಾತಿ ಅಲ್ಲ' ಅಂತ ಬೇಸರ ಮಾಡಿಕೊಂಡರು.

ಈಗ ಆ ಡುಬುಕ್. ಕಿಟಕಿಯ ಅಂಚಿನಿಂದ ಬಾಗಿಲೊಳಗೆ ಇಳಿಯುವ ನೀರು ಹೊರಹೋಗಲು ಕೆಳಗೆ ಸಣ್ಣ ತೂತುಗಳಿವೆ. ತರಗೆಲೆ, ಕೆಸರು ಸೇರಿ ಅವು ಕಟ್ಟಿಕೊಂಡರೆ ಬಾಗಿಲೇ ತೊಟ್ಟಿ. ತಿರುವಿನಲ್ಲಿ ಗುಳುಗುಳು ಅನ್ನುತ್ತದೆ. ಗ್ಲಾಸನ್ನು ಹಿಡಿದಿರುವ ಕೆಳಗಿನ ಪಟ್ಟಿಗೆ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಮಾವನ ಕೈ.

'ಇದೇನಾಯಿತು?' ಅಂದರು ಮಾವ, ಮುಖದ ನೀರು ಒರೆಸಿಕೊಳ್ಳುತ್ತಾ. ಹೇಳಲು ನನ್ನ ಬಾಯಿ ಬರಲಿಲ್ಲ. ಸಂತೆ ತಪ್ಪಿಸುವ ಹಾಗಿರಲಿಲ್ಲ. ಮಾವ ತಮ್ಮ ದೊಡ್ಡ ಕಪ್ಪು ಕೊಡೆಯ ಮೂತಿಯನ್ನು ಕಿಟಕಿಯಿಂದ ಹೊರಗಿಟ್ಟು ಬಿಡಿಸಿದರು. ಕೊಡೆ ಹೊರಗೆ, ಹಿಡಿ ಒಳಗೆ. ಹೀಗೇ ಹೊರಟೆವು. ಗಾಳಿ ಬಂದಾಗಲೆಲ್ಲ ಮಾವ ಎರಡೂ ಕೈಯಲ್ಲಿ ಹಿಡಿ ಎಳೆದು, 'ಮೆಲ್ಲಗೆ ಬಿಡು!' ಅಂತ ನನಗೆ ಕಿರುಚುತ್ತಿದ್ದರು. ಚೀಟಿ ಓದಿದ್ದು ಬಿಟ್ಟರೆ, ಮೆಲ್ಲಗೆ ಅನ್ನುವ ಮಾತು ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. ಮೇಕೇರಿ ದಾಟಿ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ತೆವಳುವಾಗ ಹಿಂದಿನಿಂದ ಪ್ರವಾಸಿಗರ ದೊಡ್ಡ ಕಾರು ಬಂತು. ಪಕ್ಕಕ್ಕೆ ಬಂದು, ನಿಧಾನ ಮಾಡಿ, ವಿಡಿಯೋ ತೆಗೆದರು. ಮಾವ ಒಂದು ಕೈ ಬಿಟ್ಟು ಟಾಟಾ ಮಾಡಿದರು. ಆಗಲೇ ಕೊಡೆ ಮಗುಚಿ ಹೂವಿನಂತೆ ಅರಳಿದ್ದು.

ಮರುದಿನ ಗ್ಯಾರೇಜಿನಲ್ಲಿ ಬಾಗಿಲಿನ ಒಳಹಲಗೆ ಬಿಚ್ಚಿದರು. ಮೆಕ್ಯಾನಿಕ್ ತಂತಿಯಿಂದ ತೂತು ಚುಚ್ಚಿದ್ದೇ ಕಂದು ನೀರು ಹರಿದು ಅವನ ಚಪ್ಪಲಿಗೆ ಹೋಯಿತು. ತಳದ ಕೆಸರಿನಲ್ಲಿ ಕೈಯಾಡಿಸಿ ಒಂದೊಂದೇ ತೆಗೆದಿಟ್ಟ. ಒಂದು ಎಂಟಾಣೆ. ಎರಡು ಗೋಟಡಿಕೆ. ಒಂದು ಮೋಟು ಪೆನ್ಸಿಲ್.

ಪೆನ್ಸಿಲ್ ಒರೆಸಿ ನೋಡಿದೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಅಪ್ಪ ಪೆಟ್ರೋಲ್ ಹಾಕಿಸಿದ್ದನ್ನು ಕೆಂಪಿನಲ್ಲಿ, ಕಿಲೋಮೀಟರನ್ನು ನೀಲಿಯಲ್ಲಿ ಸಣ್ಣ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆ ಪೆನ್ಸಿಲ್ ಕಾಣೆಯಾಯಿತು. ನಾನೇ ಸ್ಕೂಲಿಗೆ ಒಯ್ದು ಕಳೆದೆ ಅಂತ ಅಪ್ಪ ಎರಡು ದಿನ ಮಾತಾಡಿರಲಿಲ್ಲ. ಅಪ್ಪ ಬಾಗಿಲು ಹಾಕುತ್ತಿದ್ದುದೇ ಬೇರೆ. ಅರ್ಧ ಎಳೆದು, ಟಕ್ ಅಂದ ಮೇಲೆ ಅಂಗೈಯಲ್ಲಿ ಒತ್ತುತ್ತಿದ್ದರು, ಮಲಗಿದ ಮಗುವಿನ ಕೋಣೆಯ ಬಾಗಿಲಿನ ಹಾಗೆ. ಅವರು ಹೋಗಿ ಆರು ವರ್ಷವಾಯಿತು. ನಾನು ಕಳೆದಿರಲಿಲ್ಲ ಅನ್ನುವುದಕ್ಕೆ ಈಗ ಸಾಕ್ಷಿ ಸಿಕ್ಕಿದೆ. ಕೆಂಪು ತುದಿಯನ್ನು ಅಂಗೈ ಮೇಲೆ ಗೀಚಿ ನೋಡಿದೆ. ಸ್ವಲ್ಪ ಹತ್ತಿತು.

'ಪಟ್ಟಿ ಮೈಸೂರಿನಿಂದ ಬರಬೇಕು, ಅಲ್ಲಿಯವರೆಗೆ ಹೀಗೇ ಇರಲಿ' ಅಂದ ಮೆಕ್ಯಾನಿಕ್. ಗ್ಲಾಸು ಮೇಲಕ್ಕೆತ್ತಿ ಒಳಗೆ ಮರದ ತುಂಡು ಕೊಟ್ಟು ನಿಲ್ಲಿಸಿದ.

ನಿನ್ನೆ ಸಂಜೆ ಮಾವನ ಫೋನು. 'ನಾಳೆ ಪೇಟೆಗೆ ಹೋಗುವುದುಂಟಾ? ಜೀಪು ತೆಗೆಯಬಹುದು, ಆದರೆ ಈ ಮಳೆಯಲ್ಲಿ ಸುಮ್ನೆ ಹಾಳಾಗ್ತದೆ.'

ಉಂಟು ಅಂದೆ.

'ಹೊಸ ಕೊಡೆ ತಗೊಂಡಿದ್ದೇನೆ. ತರಬೇಕಾ, ಬೇಡವಾ?'